ಪುಕ್ಕಟೆ ಕ್ಲಾಸಿನ ದುಡ್ಡಿನ ಮಾತು

ಅಮೆರಿಕದ ಸಮರ್‌ಸೆಟ್ಟಿನ ಲೈಬ್ರರಿಯಲ್ಲಿ ಗುರುವಾರ ಬೆಳಿಗ್ಗೆ ವಯಸ್ಸಾದವರಿಗೆ ಇಂಗ್ಲಿಷ್ ಹೇಳಿಕೊಡುತ್ತಾರೆ. ಕಾಸು ಕೊಡಬೇಕಾಗಿಲ್ಲ. ಅದಕ್ಕೇ ನನ್ನ ಮಗಳು ನನ್ನನ್ನು ಸೇರಿಸಿದ್ದು. ಕಲಿಯಬೇಕು ಅಂತ ನನಗೇನೂ ಇರಲಿಲ್ಲ. ಮನೆಯಿಂದ ಆಚೆ ಸ್ವಲ್ಪ ಹೊತ್ತು ಕೂರುವುದಕ್ಕೆ ಒಂದು ಕುರ್ಚಿ ಸಿಗುತ್ತಲ್ಲ ಅಂತ ಹೋದೆ. ಮೊಮ್ಮಗನನ್ನು ತಳ್ಳುಗಾಡಿಯಲ್ಲಿ ಹಾಕಿಕೊಂಡು ಹೋಗುತ್ತಿದ್ದೆ. ಆಗತಾನೆ ಓಡುವುದಕ್ಕೆ ಕಲಿತಿದ್ದ. ಗಾಡಿ ಉರುಳುವ ಸದ್ದಿಗೆ ದಾರಿಯಲ್ಲೇ ನಿದ್ದೆ ಹೋಗುತ್ತಿದ್ದ, ಪಾಠ ಮುಗಿಯುವವರೆಗೂ ಏಳುತ್ತಿರಲಿಲ್ಲ. ಆ ಹೊತ್ತಿನಲ್ಲಿ ನನ್ನ ಮಂಡಿಗೂ ನಿದ್ದೆ.

ಆ ಚಳಿಗಾಲ ಪೂರ್ತಿ ಟೀಚರಮ್ಮ ದುಡ್ಡಿನ ಮಾತನ್ನೇ ಹೇಳಿಕೊಟ್ಟರು. ರಿಟೈರಾದ ಹೆಂಗಸು, ನನ್ನ ವಯಸ್ಸೇ ಇರಬೇಕು, ಆದರೆ ಬೆನ್ನು ನೆಟ್ಟಗಿತ್ತು. ಬೋರ್ಡಿನ ಮೇಲೆ ಬರೆದು, ಕೈಸನ್ನೆ ಮಾಡಿ ತಿಳಿಸುತ್ತಿದ್ದರು. ಬಜೆಟ್ ಅಂದರೆ ಬರುವುದನ್ನು ನೋಡಿಕೊಂಡು ಹಂಚಿಕೊಳ್ಳುವುದು. ಕಟ್ ಬ್ಯಾಕ್ ಅಂದರೆ ಕಮ್ಮಿ ಮಾಡಿಕೊಳ್ಳುವುದು. ವರ್ತ್ ಇಟ್ ಅಂದರೆ ಕೊಟ್ಟ ಕಾಸಿಗೆ ಮೋಸವಿಲ್ಲ. ರಿಪ್ ಆಫ್ ಅಂದರೆ ಮೋಸ. ಮನುಷ್ಯರನ್ನು ಚೀಪ್ ಅನ್ನಬಾರದಂತೆ, ಅದು ಬೈಗುಳ, ನಾವು ಜುಗ್ಗ ಅಂದ ಹಾಗೆ. ಫ್ರೂಗಲ್ ಅಂದರೆ ಹೊಗಳಿಕೆ, ಕೈಯಲ್ಲಿ ಹಿಡಿತ ಇರುವವರು. ಮಾಡುವ ಕೆಲಸ ಎರಡೂ ಒಂದೇ. ಮಾಡುವವರು ನಮ್ಮವರಾದರೆ ಫ್ರೂಗಲ್, ಬೀಗರಾದರೆ ಚೀಪ್ ಅಂತ ನಾನು ಅರ್ಥ ಮಾಡಿಕೊಂಡೆ.

ಈ ಮಾತುಗಳೇನೂ ನನ್ನ ಕಿವಿಗೆ ಹೊಸವಲ್ಲ. ಮಗಳ ಮನೆಯಲ್ಲಿ ಬೆಳಗಾದರೆ ಇವೇ. ಅವಳದೂ ಅಳಿಯನದೂ ಇಬ್ಬರದೂ ಸಂಬಳ ಬರುತ್ತೆ, ಬಂದದ್ದು ಬಂದ ಹಾಗೆ ಮನೆಸಾಲಕ್ಕೆ ಹೋಗುತ್ತೆ. ಅಳಿಯ ಟ್ರೈನು ಹತ್ತಿ ಜರ್ಸಿ ಸಿಟಿಯ ಆಫೀಸಿಗೆ ಹೋಗಿ ಬರುತ್ತಾನೆ. ಅಲ್ಲಿ ಜನರನ್ನು ಕೆಲಸದಿಂದ ತೆಗೆಯುತ್ತಿದ್ದರು. ಸಂಜೆ ಅವನು ಶೂ ಬಿಚ್ಚುವಾಗಲೇ ಮಗಳು ಮುಖ ನೋಡುತ್ತಿದ್ದಳು, ಇವತ್ತು ಇವನ ಸರದಿಯೋ ಅಂತ. "ಈ ಮಂತ್ ಟೈಟ್ ಅಮ್ಮ," ಅನ್ನುತ್ತಿದ್ದಳು. ನಾವು ಕೈ ಬಿಗಿ ಅನ್ನುತ್ತೇವೆ, ಅದೇ. ಹೀಟರ್ ತಗ್ಗಿಸಿ ಸ್ವೆಟರ್ ಮೇಲೆ ಸ್ವೆಟರ್ ಹಾಕಿಕೊಳ್ಳುವುದು. ಹಾಲನ್ನು ಬಿಂದಿಗೆಯಂಥ ದೊಡ್ಡ ಕ್ಯಾನಿನಲ್ಲಿ ತರುವುದು. ಅದನ್ನು ಎತ್ತಿ ಬಗ್ಗಿಸುವವಳು ನಾನು.

ಕ್ಲಾಸಿನಲ್ಲಿ ನನ್ನ ಪಕ್ಕದ ಕುರ್ಚಿ ಮೈಸೂರಿನ ಮಂಡಿ ಮೊಹಲ್ಲಾದಿಂದ ಬಂದ ಒಬ್ಬ ಮುಸ್ಲಿಂ ಹೆಂಗಸಿನದು. ಮಗನಿಗೆ ಅಲ್ಲಿ ಬಿರಿಯಾನಿ ಹೋಟೆಲಿದೆ. ಅವರು ಬಂದು ವರ್ಷಗಳಾಗಿವೆ, ಊರಿನ ಮನೆ ಮಾರಿ ಹೋಟೆಲಿಗೆ ಹಾಕಿದ್ದಾರೆ. ಬೆಳಿಗ್ಗೆ ಈರುಳ್ಳಿ ಹೆಚ್ಚಿಕೊಟ್ಟೇ ಕ್ಲಾಸಿಗೆ ಬರುತ್ತಿದ್ದರು. ಕೈಯಿಂದ ವಾಸನೆ ಬರುತ್ತಿತ್ತು, ಅದಕ್ಕೇ ನನಗೆ ಅವರ ಪಕ್ಕ ಕೂರುವುದು ಇಷ್ಟ. ಉಳಿದವರ ಮೈಯಿಂದ ಬರೀ ಸೋಪಿನ ವಾಸನೆ.

ಮೊದಲ ದಿನವೇ ಅವರು ಕೇಳಿದ್ದು, "ಯಾರ ಕಡೆಯೋರು ನೀವು? ಹುಡುಗೀದಾ, ಹುಡುಗಂದಾ?"

"ಹುಡುಗೀದು."

"ನಿಮ್ದು ಪಾಳಿ ಯಾವಾಗ ಮುಗೀತದೆ?"

ಪಾಳಿ ಅಂದರೆ ಏನು ಅಂತ ಅಲ್ಲಿಗೆ ಹೋದ ಅಜ್ಜಿಯರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಮಗು ಹುಟ್ಟಿದರೆ ಹುಡುಗಿಯ ತಾಯಿ ಆರು ತಿಂಗಳು, ಅವಳ ವೀಸಾ ಗಡುವು ಮುಗಿಯುವ ಹೊತ್ತಿಗೆ ಹುಡುಗನ ತಾಯಿ ಆರು ತಿಂಗಳು. ಒಬ್ಬಳು ಇಳಿಯುತ್ತಾಳೆ, ಇನ್ನೊಬ್ಬಳು ಹತ್ತುತ್ತಾಳೆ. ಹಾಲಿನ ಬಾಟಲಿ ಎಲ್ಲಿದೆ, ಡಯಾಪರ್ ಎಲ್ಲಿದೆ, ಯಾವ ಹಾಡಿಗೆ ಮಲಗುತ್ತೆ, ಎಲ್ಲ ಒಪ್ಪಿಸಿ ಹೋಗುವುದು. ಅಲ್ಲಿ ಡೇಕೇರ್ ದುಬಾರಿ. ನಮ್ಮ ಟಿಕೆಟ್ಟು, ಇನ್ಶೂರೆನ್ಸು, ಊಟ ಎಲ್ಲ ಸೇರಿಸಿದರೂ ನಾವೇ ಅಗ್ಗ. ಇದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಅಜ್ಜಿ ಪ್ರೀತಿ ಅನ್ನುತ್ತಾರೆ. ಪ್ರೀತಿಯೂ ಇದೆ, ಇಲ್ಲ ಅನ್ನುವುದಿಲ್ಲ.

ನನ್ನ ಟಿಕೆಟ್ಟು ಫೆಬ್ರವರಿ ಕೊನೆಗಿತ್ತು. ಅದನ್ನು ಹಾಗೇ ತೆಗೆಸಿ ಅಂತ ಬರುವ ಮೊದಲೇ ಹೇಳಿದ್ದೆ. ಅರಸೀಕೆರೆಯಲ್ಲಿ ನಾನು ಹಪ್ಪಳ ಸಂಡಿಗೆ ಮಾಡುತ್ತೇನೆ. ಗಂಡ ಹೋದ ಮೇಲೆ ಶುರು ಮಾಡಿದ್ದು. ಜೊತೆಗೆ ಅಕ್ಕಪಕ್ಕದ ಇಬ್ಬರು ಹೆಂಗಸರಿದ್ದಾರೆ. ಶಿವರಾತ್ರಿಗೆ ಚಳಿ ಶಿವ ಶಿವ ಅಂತ ಹೋದರೆ ಮಾರನೆಯ ದಿನದಿಂದಲೇ ಮಹಡಿ ಮೇಲೆ ಬಟ್ಟೆ ಹಾಸುತ್ತೇವೆ. ಮುಂಗಾರಿನ ಮೋಡ ಕಾಣುವವರೆಗೆ ಎಷ್ಟು ಒಣಗಿಸಿದೆವೋ ಅಷ್ಟೇ ವರ್ಷದ ಸಂಪಾದನೆ. ಬಿಸಿಲು ಯಾರಿಗೂ ಕಾಯುವುದಿಲ್ಲ, ಮದುವೆ ಮನೆಯವರೂ ಕಾಯುವುದಿಲ್ಲ. ನಾನು ಒಂದು ವರ್ಷ ಕೊಡಲಿಲ್ಲ ಅಂದರೆ ಸ್ಟೇಷನ್ ರೋಡಿನವಳು ಕೊಡುತ್ತಾಳೆ. ಆಮೇಲೆ ಆ ಗಿರಾಕಿಗಳು ಅವಳವರೇ. ಅವಳ ಸಂಡಿಗೆಯಲ್ಲಿ ಸೋಡಾ ಜಾಸ್ತಿ. ಆದರೂ ಕೊಳ್ಳುತ್ತಾರೆ.

ಆ ದುಡ್ಡು ದೊಡ್ಡದೇನಲ್ಲ. ಆದರೆ ಕೆಮ್ಮು ಬಂದರೆ ನಾನೇ ಹೋಗಿ ಔಷಧಿ ತಂದುಕೊಳ್ಳುತ್ತೇನೆ. ಸಮರ್‌ಸೆಟ್ಟಿನಲ್ಲಿ ಕೆಮ್ಮು ಬಂದಾಗ ಮಗಳಿಗೆ ಹೇಳಬೇಕು, ಅವಳು ಕೂಪನ್ ಇದೆಯಾ ಅಂತ ಫೋನಿನಲ್ಲಿ ನೋಡಬೇಕು. ಅವಳದು ತಪ್ಪು ಅಂತಲ್ಲ. ಅಷ್ಟರಲ್ಲಿ ಕೆಮ್ಮು ಕಾಯುವುದಿಲ್ಲ, ಅಷ್ಟೇ.

ಜನವರಿಯಲ್ಲಿ ಒಂದು ಗುರುವಾರ ಟೀಚರಮ್ಮ ನಾಟಕ ಆಡಿಸಿದರು. ಅವರು ಸೋಫಾ ಮಾರುವವರು, ನಾವು ಗಿರಾಕಿ. ಅವರು ಎಷ್ಟು ಒತ್ತಾಯ ಮಾಡಿದರೂ ನಾವು ಬೇಡ ಅನ್ನಬೇಕು. ನನ್ನ ಸರದಿ ಬಂತು. ಟೀಚರಮ್ಮ ಕುರ್ಚಿ ತಟ್ಟಿ ತಟ್ಟಿ, ಎಷ್ಟು ಮೆತ್ತಗಿದೆ ನೋಡಿ, ಇವತ್ತೇ ಸೇಲು ಅಂದರು. ನಾನು ನಕ್ಕೆ. ತಲೆ ಅಲ್ಲಾಡಿಸಿದೆ. ಕೊನೆಗೆ "ಟುಮಾರೋ" ಅಂದೆ.

ಪಕ್ಕದವರು ಬಾಯಿಗೆ ಸೆರಗು ಇಟ್ಟುಕೊಂಡು ನಕ್ಕರು. "ಏನಮ್ಮ, ಸೋಫಾ ಮಾರೋರು ದೆವ್ವಾನಾ? ಬಾಗಿಲ ಮೇಲೆ ನಾಳೆ ಬಾ ಅಂತ ಬರೆಸಿಬಿಡಿ."

"ಮತ್ತೆ ಏನನ್ನಲಿ?"

"ಇಲ್ಲ ಅನ್ನಿ."

ಅದೇ ಬರುವುದಿಲ್ಲ. ನಮ್ಮ ಮನೆಗಳಲ್ಲಿ ಇಲ್ಲ ಅನ್ನುವುದನ್ನು ಬಾಯಿಗೆ ತರಬಾರದು ಅಂತಲೇ ಬೆಳೆಸಿದರು. ಅಕ್ಕಿ ಮುಗಿದರೆ ಅಕ್ಕಿ ತುಂಬಿದೆ ಅನ್ನಬೇಕು. ಬಳೆ ಒಡೆದರೆ ಬಳೆ ಹೆಚ್ಚಿತು. ದೀಪ ಆರಿಸಬೇಕಾದರೂ ದೀಪ ದೊಡ್ಡದು ಮಾಡು. ಸಾಲ ಕೇಳಲು ಬಂದವನಿಗೂ ಕಾಫಿ ಕೊಟ್ಟು ನೋಡೋಣ ಅಂದು ಕಳಿಸುವುದು. ಕೇಳುವವನಿಗೂ ಗೊತ್ತು, ಹೇಳುವವನಿಗೂ ಗೊತ್ತು. ಟೀಚರಮ್ಮನಿಗೆ ಇದನ್ನೆಲ್ಲ ಯಾವ ಇಂಗ್ಲಿಷಿನಲ್ಲಿ ಹೇಳಲಿ? ಅವರು ಬೋರ್ಡಿನ ಮೇಲೆ ದೊಡ್ಡದಾಗಿ ಬರೆದು ನನ್ನ ಕೈಲಿ ಹೇಳಿಸಿದರು. ಐ ಕಾಂಟ್ ಅಫೋರ್ಡ್ ಇಟ್. ಅಂದರೆ, ನನ್ನ ಕೈಗೆ ಎಟುಕುವುದಿಲ್ಲ. ಇದರಲ್ಲಿ ನಾಚಿಕೆ ಏನಿಲ್ಲ, ಅವರ ಸೋಫಾ ಚೆನ್ನಾಗಿಲ್ಲ ಅಂತಲೂ ನೀವು ಹೇಳುತ್ತಿಲ್ಲ, ನಿಮ್ಮ ಹತ್ತಿರ ಎಷ್ಟಿದೆ ಅಂತ ಅಷ್ಟೇ ಹೇಳುತ್ತಿದ್ದೀರಿ ಅಂದರು. ಪಕ್ಕದವರು ಅಷ್ಟನ್ನೂ ನನಗೆ ಕನ್ನಡ ಮಾಡಿ ಹೇಳಿದರು. ನಾನು ಹೇಳಿದ್ದನ್ನೇ ಹೇಳುತ್ತಾ ಗಾಡಿ ತಳ್ಳಿಕೊಂಡು ಮನೆಗೆ ಬಂದೆ.

ಅದಾದ ಮುಂದಿನ ವಾರ ಹಾಸನದಿಂದ ಫೋನು ಬಂತು. ನಮ್ಮ ಬೀಗಿತ್ತಿ, ಅಳಿಯನ ತಾಯಿ, ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಿದ್ದರು. ಆಪರೇಷನ್ ಆಯಿತು. ಜೀವಕ್ಕೇನೂ ಆಗಲಿಲ್ಲ. ಆದರೆ ಅವರು ಸದ್ಯಕ್ಕೆ ವಿಮಾನ ಹತ್ತುವ ಹಾಗಿಲ್ಲ. ನನ್ನ ಪಾಳಿ ವಹಿಸಿಕೊಳ್ಳಬೇಕಾದವರು ಅವರು.

ಭಾನುವಾರ ಗಂಡ ಹೆಂಡತಿ ಡೈನಿಂಗ್ ಟೇಬಲ್ಲಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತರು. ನಾನು ಎದುರಿಗೆ ಮಗುವಿಗೆ ತಿನ್ನಿಸುತ್ತಿದ್ದೆ. ಡೇಕೇರ್‌ಗೆ ಎಷ್ಟು, ನನ್ನ ಟಿಕೆಟ್ಟು ಬದಲಾಯಿಸಿದರೆ ಎಷ್ಟು. ಅಗ್ಗಕ್ಕೆ ಸಿಕ್ಕಿತು ಅಂತ ತೆಗೆದ ಟಿಕೆಟ್ಟು, ಬದಲಾಯಿಸಿದರೆ ಕಾಸು ವಾಪಸ್ಸು ಬರುವುದಿಲ್ಲ. ವೀಸಾ ಗಡುವು ಮುಂದಕ್ಕೆ ಹಾಕಿಸಲು ಎಷ್ಟು, ಈ ವಯಸ್ಸಿಗೆ ಇನ್ಶೂರೆನ್ಸು ಎಷ್ಟು. ಎಲ್ಲ ಇಂಗ್ಲಿಷಿನಲ್ಲೇ ಮಾತಾಡಿಕೊಂಡರು. ನನಗೆ ಅರ್ಥವಾಗುವುದಿಲ್ಲ ಅಂತ ಅಲ್ಲ, ಅವರು ದುಡ್ಡಿನ ಮಾತು ಆಡುವುದೇ ಇಂಗ್ಲಿಷಿನಲ್ಲಿ. ಆ ಹೊತ್ತಿಗೆ ನನಗೂ ಒಂದೊಂದು ಮಾತು ಗೊತ್ತಾಗುತ್ತಿತ್ತು. ಸೇವ್ ಅಂದಳು. ವರ್ತ್ ಇಟ್ ಅಂದ. ಕೊನೆಗೆ ಇಬ್ಬರೂ ಲ್ಯಾಪ್‌ಟಾಪ್ ಬಿಟ್ಟು ನನ್ನ ಕಡೆ ತಿರುಗಿದರು.

"ಅಮ್ಮ, ಇನ್ನೊಂದು ಆರು ತಿಂಗಳು ಎಕ್ಸ್‌ಟೆಂಡ್ ಮಾಡಿಸಬಹುದು," ಅಂದ ಅಳಿಯ. ಮೃದು ಮನುಷ್ಯ. ಕೇಳುವಾಗ ನನ್ನ ಮುಖ ನೋಡಲಿಲ್ಲ, ಮಗುವಿನ ಬಾಯಿ ಒರೆಸಿದ.

"ನೋಡೋಣ," ಅಂದೆ.

ನೋಡೋಣ ಅಂದರೆ ಏನು ಅಂತ ನನ್ನ ಮಗಳಿಗೆ ಗೊತ್ತು. ಸೈಕಲ್ಲು ಕೇಳಿದಾಗ ನೋಡೋಣ ಅಂದಿದ್ದೆ, ಟೂರಿಗೆ ಹೋಗುತ್ತೇನೆ ಅಂದಾಗ ನೋಡೋಣ ಅಂದಿದ್ದೆ. ಸೈಕಲ್ಲೂ ಬರಲಿಲ್ಲ, ಟೂರಿಗೂ ಹೋಗಲಿಲ್ಲ. ಆದರೂ ಅವತ್ತು, "ಸರಿ ಹಾಗಾದ್ರೆ, ನಾನು ಅಪ್ಲಿಕೇಶನ್ ರೆಡಿ ಮಾಡ್ತೀನಿ," ಅಂತ ಎದ್ದು ಹೋದಳು.

ಅದೇ ವಾರ ಅರಸೀಕೆರೆಯಿಂದ ಜೊತೆಯವಳು ಫೋನು ಮಾಡಿದಳು. "ಅಕ್ಕಾ, ಉದ್ದು ತರಿಸೋದಾ ಬಿಡೋದಾ? ಎರಡು ಮದುವೆ ಮನೆಯೋರು ಬಂದು ಹೋದ್ರು. ನೀವು ಬರ್ತೀರಿ ಅಂತ ಹೇಳಿದೀನಿ. ಸುಳ್ಳು ಹೇಳಿದ್ನಾ?"

"ತರಿಸು," ಅಂದೆ. ಅಂದು ಬಿಟ್ಟ ಮೇಲೆ ಕಿಟಕಿ ನೋಡಿದೆ. ಹೊರಗೆ ಹಿಮ ಕೊಳೆಯಾಗಿ ಬಿದ್ದಿತ್ತು. ಬಿಸಿಲು ಇತ್ತು, ಆದರೆ ಅಲ್ಲಿಯ ಚಳಿಗಾಲದ ಬಿಸಿಲು ಟ್ಯೂಬ್ ಲೈಟಿದ್ದ ಹಾಗೆ. ಕಾಣುತ್ತೆ, ಸುಡುವುದಿಲ್ಲ.

ಆ ಗುರುವಾರದ ಪಾಠ, ಲಿವ್ ವಿದಿನ್ ಯುವರ್ ಮೀನ್ಸ್. ಪಕ್ಕದವರು ನನ್ನ ಕಿವಿಯಲ್ಲಿ, "ಹಾಸಿಗೆ ಇದ್ದಷ್ಟು ಕಾಲು ಚಾಚು. ಅದೇ ಅಲ್ವಾ?" ಅಂದರು.

"ಅದೇ. ಆದರೆ ಹಾಸಿಗೆ ಅವರದು, ಮಡಿಸಿಕೊಳ್ಳೋ ಕಾಲು ನಂದು."

ಅವರು ತಿರುಗಿ ನನ್ನನ್ನು ನೋಡಿದರು. ನಡೆದದ್ದು ಹೇಳಿದೆ. "ಹೋಗಬೇಕಾ ನಿಮಗೆ?" ಅಂದರು.

"ಹೋಗಬೇಕು. ಸುಸ್ತಾಗಿದೆ. ಇವನನ್ನ ಎತ್ತಿ ಎತ್ತಿ ತೋಳು ಬಿದ್ದು ಹೋಗಿದೆ. ಬಿಸಿಲು ಬೇರೆ ಹೊರಟು ಹೋಗುತ್ತೆ."

"ಮತ್ತೆ ಹೇಳಿ."

"ಹೇಗೆ ಹೇಳಲಿ? ಮಗಳಿಗೆ?"

ಅವರು ಗದ್ದದಲ್ಲೇ ಬೋರ್ಡಿನ ಕಡೆ ತೋರಿಸಿದರು. "ಅವತ್ತು ಸೋಫಾ ಮಾರೋರಿಗೆ ಹೇಳಿದಿರಲ್ಲ, ಹಾಗೆ. ಅವಳ ಮನೆ ಚೆನ್ನಾಗಿಲ್ಲ ಅಂತ ಎಲ್ಲಿ ಹೇಳ್ತಿದೀರಿ."

ಶನಿವಾರ ಮಧ್ಯಾಹ್ನ ನಾನು ಒಗೆದ ಬಟ್ಟೆ ಮಡಿಸುತ್ತಿದ್ದೆ. ಮಗಳು ಕಾಗದಗಳನ್ನು ಹಿಡಿದುಕೊಂಡು ಬಂದಳು. "ಅಮ್ಮಾ, ಇಲ್ಲೊಂದು ಸೈನ್ ಹಾಕು. ಕನ್ನಡದಲ್ಲೇ ಹಾಕು, ಪರವಾಗಿಲ್ಲ."

ಪೆನ್ನು ತೆಗೆದುಕೊಂಡೆ. ಕೆಳಗೆ ಇಟ್ಟೆ. "ಐ ಕಾಂಟ್ ಅಫೋರ್ಡ್ ಇಟ್," ಅಂದೆ.

ಅವಳು ನಕ್ಕಳು. ಕ್ಲಾಸಿನ ಪಾಠ ಒಪ್ಪಿಸುತ್ತಿದ್ದೇನೆ ಅಂದುಕೊಂಡಳು. ನಾನು ನಗಲಿಲ್ಲ. ಆಗ ಅವಳ ನಗು ನಿಂತಿತು.

"ಏನು ಅಫೋರ್ಡ್ ಆಗಲ್ಲ? ನಿನಗೇನು ಖರ್ಚು ಇಲ್ಲಿ?"

"ಆರು ತಿಂಗಳು."

"ಅಮ್ಮ, ತಮಾಷೆ ಮಾಡಬೇಡ."

"ನನ್ನ ಹತ್ತಿರ ಇನ್ನಾರು ತಿಂಗಳು ಇಲ್ಲ ಕಣೆ. ಮೈಯಲ್ಲೂ ಇಲ್ಲ. ಊರಲ್ಲಿ ಉದ್ದು ತರಿಸಿಯಾಗಿದೆ."

"ಹಪ್ಪಳಕ್ಕೋಸ್ಕರ ಹೋಗ್ತೀಯಾ? ಆ ದುಡ್ಡಲ್ಲಿ ಇಲ್ಲಿ ಒಂದು ತಿಂಗಳು ಡೇಕೇರ್ ಬರಲ್ಲ. ಅಷ್ಟು ನಾವೇ ಕೊಡ್ತೀವಿ ನಿಂಗೆ."

"ಇಲ್ಲಿಯ ಲೆಕ್ಕಕ್ಕೆ ಬರಲ್ಲ. ನಾನು ಇಲ್ಲಿಯವಳಲ್ಲ. ನೀವು ಕೊಟ್ಟರೆ ಅದು ನೀವು ಕೊಟ್ಟ ದುಡ್ಡು. ನನಗೆ ನಾನು ಮಾಡಿದ ದುಡ್ಡು ಬೇಕು."

"ಎಲ್ಲರ ಅಮ್ಮಂದಿರೂ ಇರ್ತಾರೆ."

"ಇರಲಿ."

"ನಿನ್ನನ್ನೇನು ಕೆಲಸದವಳ ಥರ ಇಟ್ಕೊಂಡಿದೀವಾ ನಾವು?"

"ಕೆಲಸದವಳಿಗೆ ರಜಾ ಇರುತ್ತೆ."

ಅದನ್ನು ಹೇಳಬಾರದಿತ್ತು ಅಂತ ಯಾರಾದರೂ ಅನ್ನಬಹುದು. ನಿಜವೇ ತಾನೆ. ಅವಳು ಕಾಗದ ಎತ್ತಿಕೊಂಡು ಮೇಲೆ ಹೋದಳು. ನಾನು ಬಟ್ಟೆ ಮಡಿಸಿ ಮುಗಿಸಿದೆ. ಅವಳ ಅಂಗಿಗಳನ್ನೂ ಮಡಿಸಿದೆ, ಅವಳಿಗೆ ಇಷ್ಟವಾಗುವ ಹಾಗೆ, ತೋಳು ಒಳಗೆ ಮಾಡಿ.

ಆಮೇಲೆ ಕೆಲವು ದಿನ ಮನೆಯಲ್ಲಿ ಮಾತು ಕಮ್ಮಿ. ಬೇಕಾದ್ದಕ್ಕೆ ಮಾತ್ರ. ಸಾರಿಗೆ ಉಪ್ಪು ಸಾಕಾ, ಅವನಿಗೆ ಜ್ವರ ಇದೆಯಾ, ಅಷ್ಟೇ. ಅಳಿಯ ಒಂದು ಬೆಳಿಗ್ಗೆ ನಾನು ಕಾಫಿ ಕೊಡುವಾಗ, "ಅಮ್ಮ, ನಿಮ್ದು ತಪ್ಪಿಲ್ಲ. ನಮ್ಗೇ ಆಪ್ಷನ್ ಇರ್ಲಿಲ್ಲ," ಅಂದ. ಆಫೀಸಿನ ಊಟ ಬಿಟ್ಟು ಡಬ್ಬಿ ಒಯ್ಯುವುದಕ್ಕೆ ಶುರು ಮಾಡಿದ. ಟಿವಿಗೆ ಕಟ್ಟುತ್ತಿದ್ದ ದುಡ್ಡು ನಿಲ್ಲಿಸಿದರು. ಬೇಸಿಗೆಗೆ ಅಂದುಕೊಂಡಿದ್ದ ಪ್ರವಾಸ ಹೋಯಿತು. ಕಟ್ ಬ್ಯಾಕ್ ಅಂದರೆ ಏನು ಅಂತ ನಾನು ಕಣ್ಣಾರೆ ಕಂಡೆ. ನನಗೆ ಹಿತವಾಗಲಿಲ್ಲ. ಆದರೆ ಮಾತು ಹಿಂದಕ್ಕೆ ತೆಗೆದುಕೊಳ್ಳಲೂ ಇಲ್ಲ.

ಡೇಕೇರ್‌ಗೆ ಹಾಕಲಿಲ್ಲ. ಹಿಂದಿನ ಬೀದಿಯಲ್ಲಿ ಹುಬ್ಬಳ್ಳಿ ಕಡೆಯ ಒಬ್ಬಳು ಮನೆಯಲ್ಲೇ ಮಕ್ಕಳನ್ನು ನೋಡಿಕೊಳ್ಳುತ್ತಾಳೆ, ಅಷ್ಟು ದುಬಾರಿ ಇಲ್ಲ ಅಂತ ಯಾರೋ ಮಗಳಿಗೆ ಹೇಳಿದರು. ಮಗುವಿಗೆ ರೂಢಿಯಾಗಲಿ ಅಂತ ನಾನು ಹೋಗುವ ಮೊದಲೇ ಸ್ವಲ್ಪ ಹೊತ್ತು ಬಿಟ್ಟು ಬರುವುದು ಅಂತಾಯಿತು. ಬಿಡುವವಳೂ ನಾನೇ.

"ಬರ್ರಿ, ಒಳಗ ಬರ್ರಿ," ಅಂತ ಅವಳು ಬಾಗಿಲು ತೆಗೆದಳು. ಸೊಂಟದ ಮೇಲೆ ಒಂದು ಕೂಸು, ಕಾಲ ಹತ್ತಿರ ಇನ್ನೊಂದು. "ಊರಿಗೆ ಹೊಂಟೀರಂತ? ಚಲೋ ಆತು ಬಿಡ್ರಿ. ಎಲ್ಲಾ ಅಜ್ಜಿಗೋಳು ಇಲ್ಲೇ ಕುಂತ್ರ ನನ್ನ ಹೊಟ್ಟಿಪಾಡು ಹೆಂಗ?"

ಆ ಮಾತು ನನಗೆ ಹಿಡಿಸಿತು. ಸುತ್ತಿ ಬಳಸಿ ಆಡಲಿಲ್ಲ. ಮಗು ನನ್ನ ಸೀರೆ ಹಿಡಿದು ಅತ್ತಿತು. ಬೆರಳು ಬಿಡಿಸಿ ಹೊರಗೆ ಬಂದೆ. ಗಾಡಿ ಖಾಲಿ ಇತ್ತು, ತಳ್ಳಿದರೆ ಹಗುರಕ್ಕೆ ಎಲ್ಲೆಲ್ಲೋ ಹೋಗುತ್ತಿತ್ತು. ಮೂಲೆಯಲ್ಲಿ ನಿಂತು ಕೇಳಿದೆ, ಅಳು ನಿಲ್ಲುತ್ತಾ ಅಂತ. ಅಷ್ಟು ದೂರಕ್ಕೆ ಕೇಳಿಸಲಿಲ್ಲ. ನಿಂತಿರಬೇಕು. ಇಲ್ಲದಿದ್ದರೂ ನಿಲ್ಲುತ್ತೆ, ಮಕ್ಕಳು ಎಷ್ಟು ಹೊತ್ತು ಅಳುತ್ತವೆ.

ಕೊನೆಯ ಗುರುವಾರ ಪಕ್ಕದವರು ಕೇಳಿದರು, "ಹೇಳಿದ್ರಾ?"

"ಹೇಳಿದೆ."

"ಇಂಗ್ಲಿಷಲ್ಲಾ?"

"ಮೊದಲು ಇಂಗ್ಲಿಷಲ್ಲಿ. ಆಮೇಲೆ ಕನ್ನಡದಲ್ಲಿ, ಸ್ವಲ್ಪ ಖಾರವಾಗಿ."

"ನಂಗೂ ಒಂದೊಂದು ದಿನ ಹೇಳಬೇಕು ಅನ್ಸತದೆ. ಈರುಳ್ಳಿ ಮೂಟೆ ಇಳಿಸೋವಾಗ." ಅವರು ಬೆರಳಿಗೆ ಅಂಟಿದ್ದ ಈರುಳ್ಳಿ ಸಿಪ್ಪೆ ಕಿತ್ತುಕೊಂಡರು. "ಹೇಳಿ ಎಲ್ಲಿಗೆ ಹೋಗ್ಲಿ? ಮನೆ ಮಾರಿಬಿಟ್ಟಿದೀವಲ್ಲ."

ಟೀಚರಮ್ಮ ಹೇಳಿಕೊಟ್ಟದ್ದರಲ್ಲಿ ಇದಕ್ಕೆ ಇಂಗ್ಲಿಷ್ ಇರಲಿಲ್ಲ. ಕ್ಲಾಸು ಮುಗಿದ ಮೇಲೆ ಅವರು ಒಂದು ಡಬ್ಬಿ ಕೊಟ್ಟರು, ಖಾರ ಸೇವು, ಮಾಂಸದ ಬಾಣಲೆಯಲ್ಲಲ್ಲ, ಬೇರೆ ಎಣ್ಣೆಯಲ್ಲಿ ಕರಿದದ್ದು, ನೀವು ತಿನ್ನಬಹುದು ಅಂದರು. ದಾರಿಯಲ್ಲೇ ತಿಂದೆ.

ಹೊರಡುವ ದಿನ ಅಳಿಯ ಪೆಟ್ಟಿಗೆ ತೂಕ ಮಾಡುತ್ತಿದ್ದ. ತೂಕ ಹೆಚ್ಚಾದರೆ ಏರ್‌ಪೋರ್ಟಿನಲ್ಲಿ ಕಾಸು ಕೇಳುತ್ತಾರೆ. ಮಗಳು ಕಾರಿನಿಂದ ಒಂದು ಸುರುಳಿ ತಂದು ಬಟ್ಟೆಗಳ ಮೇಲೆ ತುರುಕಿದಳು. ಬಿಡಿಸಿ ನೋಡಿದೆ. ಪ್ಲಾಸ್ಟಿಕ್ ಹಾಳೆ, ಅಗಲ, ಗಾಜಿನ ಹಾಗೆ ಆಚೆಯದು ಕಾಣುವಂಥದು. ಪೇಂಟು ಹೊಡೆಯುವಾಗ ನೆಲದ ಮೇಲೆ ಹಾಸುತ್ತಾರಲ್ಲ, ಅದು.

"ಇದೇನೇ?"

"ಸಂಡಿಗೆ ಹಾಕೋಕೆ. ಕ್ಲಿಯರೆನ್ಸಲ್ಲಿತ್ತು, ಅರ್ಧ ರೇಟು," ಅಂದಳು. ನನ್ನ ಮುಖ ನೋಡಲಿಲ್ಲ. ಅವರಿಬ್ಬರಿಗೂ ಅದೇ ಅಭ್ಯಾಸ. "ತೂಕ ಜಾಸ್ತಿ ಆದ್ರೆ ಸೀರೆ ಎರಡು ಇಲ್ಲೇ ಬಿಡು. ಮುಂದಿನ ಸಲಕ್ಕೆ ಆಗುತ್ತೆ."

ಸೀರೆ ಎರಡು ಬಿಟ್ಟೆ.

ಆ ಹಾಳೆ ಸಂಡಿಗೆಗೆ ಆಗಲಿಲ್ಲ. ತುಂಬಾ ನುಣುಪು, ಹಿಟ್ಟು ಹರಿದು ಒಂದಕ್ಕೊಂದು ಅಂಟಿಕೊಂಡವು. ಬಿಸಿಲಿಗೆ ಕಾದು ಅಡಿಯೆಲ್ಲ ಬೆವರಿತು. ನಮಗೆ ಹಳೆಯ ಪಂಚೆಯೇ ಸರಿ, ನೀರು ಚಿಮುಕಿಸಿದರೆ ತಾನಾಗಿ ಬಿಡುತ್ತೆ. ಜೊತೆಯವಳು, "ಅಮೆರಿಕದ್ದು ಅಂತ ಇಟ್ಕೊಂಡಿದೀರಾ? ಬಿಸಾಕಿ ಅಕ್ಕ," ಅಂದಳು.

ಬಿಸಾಕಲಿಲ್ಲ. ಮಹಡಿಯ ಮೂಲೆಯಲ್ಲಿ ಮಡಿಸಿಟ್ಟಿದ್ದೇನೆ. ಏಪ್ರಿಲ್‌ನಲ್ಲಿ ಒಂದು ಮಧ್ಯಾಹ್ನ ಹೇಳದೆ ಕೇಳದೆ ಮಳೆ ಬಂದಾಗ ಒಣಗಿದ್ದ ರಾಶಿಯ ಮೇಲೆ ಅದನ್ನೇ ಎಳೆದು ಹೊದಿಸಿದೆವು. ಒಂದು ತೊಟ್ಟು ಒಳಗೆ ಇಳಿಯಲಿಲ್ಲ. ಆ ಸಂಜೆ ಮಗಳು ಫೋನು ಮಾಡಿದಾಗ ಹೇಳಿದೆ.

"ವರ್ತ್ ಇಟ್ಟಾ?" ಅಂದಳು.

"ಹೂಂ," ಅಂದೆ. "ಮಗು ಎದ್ದಿತಾ?"